ಜಗಲಿಯ ಮೇಲಿನ ಕಟ್ಟು

ಹೊಸರಿತ್ತಿಯ ಹೆಸರು ಕೇಳಿದೊಡನೆ ಹಾವೇರಿಯ ಕಡೆಯ ಹಿರಿಯರಿಗೆ ನೆನಪಾಗುವುದು 1943ನೆಯ ಇಸವಿಯ ಏಪ್ರಿಲ್ ಒಂದನೆಯ ತಾರೀಖು. ಮೋಟೆಬೆನ್ನೂರಿನ ಮೈಲಾರ ಮಹಾದೇವನೂ ಅವನ ಸಂಗಡಿಗರಾದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬವರೂ ಅಲ್ಲಿ ಗುಂಡಿಗೆ ಎದೆಗೊಟ್ಟ ದಿನ ಅದು. ಗುದ್ಲೆಪ್ಪ ಹಳ್ಳಿಕೇರಿಯವರ ಊರೆಂದೂ ಅದು ನಾಡಿಗೆಲ್ಲ ಪರಿಚಿತ. ಇಷ್ಟು ದೊಡ್ಡ ನೆನಪುಗಳುಳ್ಳ ಊರಿನಲ್ಲಿ ನನಗೆ ಮೊದಲು ನೆನಪಾಗುವುದು ಒಂದು ಹಳೆಯ ಮನೆಯ ದೇವರ ಜಗಲಿ, ಆ ಜಗಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟಿದ್ದ ಒಂದು ತಾಡೋಲೆಯ ಕಟ್ಟು. ಇದು ನನ್ನ ಅಲ್ಪತನವೆಂದು ವಾಚಕರು ಭಾವಿಸಿದರೆ ನಾನು ವಾದಿಸಲಾರೆ.

ಐವತ್ತು ವರ್ಷಗಳ ಹಿಂದಿನ ಮಾತು. ಧಾರವಾಡದಲ್ಲಿ ಎಂ.ಎ. ತರಗತಿಗೆ ಸೇರಿದ್ದ ನನಗೆ ಹಸ್ತಪ್ರತಿಗಳ ಹುಚ್ಚು ಹೊಸದಾಗಿ ಹಿಡಿದಿತ್ತು. ದೀಪಾವಳಿಯ ಬಿಡುವಿನಲ್ಲಿ ಬಂಧುಗಳ ಮನೆಗೆಂದು ಹೊಸರಿತ್ತಿಗೆ ಹೋದಾಗ, ಎದುರು ಮನೆಯ ಮುದುಕಿಯ ಬಳಿ ಅಂಥದೊಂದು ಕಟ್ಟು ಇದೆಯೆಂಬ ಸುದ್ದಿ ತಿಳಿಯಿತು. ಸಂಜೆಯೇ ಹೋದೆ. ಮುದುಕಿ ನನ್ನನ್ನು ಕೂಡ್ರಿಸಿ, ನೀರು ಬೆಲ್ಲ ಕೊಟ್ಟು, ಕೈಕಾಲು ತೊಳೆದು ಬಾ ಎಂದಳು. ಜಗಲಿಯ ಮುಂದೆ ಕೂತಾಗ ಆಕೆ ಕಟ್ಟನ್ನು ಎರಡೂ ಕೈಗಳಿಂದ ಎತ್ತಿ, ಹಣೆಗೆ ಮುಟ್ಟಿಸಿ, ಬಿಚ್ಚಿದಳು. ಶ್ರಾವಣದ ಸೋಮವಾರಗಳಂದು ಅದಕ್ಕೆ ಪತ್ರಿ ಏರಿಸಿ ವಿಭೂತಿ ಹಚ್ಚುವುದು ಆ ಮನೆಯ ಪದ್ಧತಿಯಾಗಿತ್ತು. ಆಕೆಯ ಮಾವ ಅದನ್ನು ಓದುತ್ತಿದ್ದನಂತೆ. ಅವನ ತರುವಾಯ ಓದಿದವರು ಯಾರೂ ಇಲ್ಲ. ನಾನು ಬಾಯಿಬಿಟ್ಟು, ಇದನ್ನು ಧಾರವಾಡಕ್ಕೆ ಒಯ್ದು ಪ್ರತಿ ಮಾಡಿಕೊಂಡು ತಂದುಕೊಡುತ್ತೇನೆ ಎಂದೆ. ಮುದುಕಿ ಒಂದು ಗರಿಯನ್ನು ನನ್ನ ಮುಂದೆ ಹಿಡಿದು, “ಹಂಗಾರ ಓದು ನೋಡೋಣ” ಎಂದಳು.

ನನಗೆ ಓದಲಿಕ್ಕೆ ಬರಲಿಲ್ಲ.

ಇದರಲ್ಲಿ ಅಚ್ಚರಿಯೇನೂ ಇಲ್ಲವೆಂದು ಹಸ್ತಪ್ರತಿಗಳನ್ನು ಕಂಡವರು ಒಪ್ಪಿಯಾರು. ಗರಿಯ ಅಗಲವೆಂದರೆ ಎರಡು ಬೆರಳು. ಕಬ್ಬಿಣದ ಕಂಠದಿಂದ ಕೊರೆದ ಅಕ್ಷರಗಳು ಕಾಣಬೇಕಾದರೆ ಮೇಲೆ ಮಸಿ ತೀಡಬೇಕು. ದಶಕಗಳಿಂದ ತೀಡದ ಗರಿಯಲ್ಲಿ ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಗೀರುಗಳ ನೆರಳು ಮೂಡುತ್ತದೆ. ಶಬ್ದಕ್ಕೂ ಶಬ್ದಕ್ಕೂ ನಡುವೆ ಎಡೆಯಿಲ್ಲ. ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಭೇದವಿಲ್ಲ. ಒಂದು ವಚನ ಎಲ್ಲಿ ಮುಗಿದು ಮುಂದಿನದು ಎಲ್ಲಿ ಮೊದಲಾಯಿತೆಂಬುದನ್ನು ಅಂಕಿತದಿಂದಲೇ ಅರಿಯಬೇಕು. ಪುಸ್ತಕದಲ್ಲಿ ಅಚ್ಚಾದ ವಚನಗಳನ್ನು ನೂರಾರು ಬಾಯಿಪಾಠ ಮಾಡಿದ್ದ ನಾನು ಆ ಒಂದು ಗರಿಯ ಮುಂದೆ ಅನಕ್ಷರಸ್ಥನಾಗಿ ಕೂತೆ. ಮುದುಕಿ ಸಿಟ್ಟು ಮಾಡಲಿಲ್ಲ. ಗರಿಯನ್ನು ದಾರಕ್ಕೆ ಪೋಣಿಸುತ್ತ, “ಓದಾಕ ಬರದವನ ಕೈಯಾಗ ಹೆಂಗ ಕೊಡ್ಲಪ್ಪಾ? ಓದಾಕ ಕಲ್ತು ಬಾ, ಕೊಡ್ತೀನಿ” ಎಂದಷ್ಟೇ ಹೇಳಿದಳು.

ಇಂಥ ಬಾಗಿಲುಗಳನ್ನು ಎಷ್ಟು ಬಡಿದಿರಬೇಕು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು! 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾಯದೆಯ ಪದವಿ ಪಡೆದು, ವಿಜಾಪುರದಲ್ಲಿ ವಕೀಲಿಗೆ ನಿಂತ ತರುಣನಿಗೆ ಹಣ ಗಳಿಸುವ ದಾರಿ ತೆರೆದೇ ಇತ್ತು. ಆದರೆ ಬನಹಟ್ಟಿ, ರಬಕವಿಗಳ ಕಡೆಯ ಮನೆಗಳಲ್ಲಿ ಕಂಡ ತಾಡೋಲೆಯ ಕಟ್ಟುಗಳು ಆ ದಾರಿಯನ್ನು ತಿರುಗಿಸಿಬಿಟ್ಟವು. ಅಂದಿನಿಂದ ವಕೀಲಿಯ ಬಿಡುವೆಲ್ಲ ಹಳ್ಳಿಗಳ ಪಾಲಾಯಿತು. ಮಠಗಳಲ್ಲಿ, ಗೌಡರ ವಾಡೆಗಳಲ್ಲಿ, ನೇಕಾರರ ಮನೆಗಳಲ್ಲಿ ಜಗಲಿಯೇರಿ ಕೂತಿದ್ದ ಕಟ್ಟುಗಳನ್ನು ಬೇಡಿ ತಂದು, ಪ್ರತಿ ಮಾಡಿಸಿ, ಪಾಠ ಹೋಲಿಸಿ, ಅವರು ಒಂದು ರಾಶಿಯನ್ನೇ ಕೂಡಿಹಾಕಿದರು. ಅವರು ಕೆಲಸಕ್ಕೆ ಕೈಹಾಕುವ ಮುನ್ನ ಹೆಸರು ತಿಳಿದಿದ್ದ ವಚನಕಾರರು ಐವತ್ತರ ಆಸುಪಾಸು. ಅವರ ಶೋಧನೆಯ ಫಲವಾಗಿ ಆ ಸಂಖ್ಯೆ ಇನ್ನೂರೈವತ್ತರವರೆಗೆ ಏರಿತು. ಒಬ್ಬ ಮನುಷ್ಯನ ಆಯುಷ್ಯಕ್ಕೆ ಈ ಒಂದು ಸಾಲು ಸಾಕು.

ಕೂಡಿಹಾಕಿದ್ದು ಅಚ್ಚಾದದ್ದರ ಕಥೆ ಬೇರೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಹೋದ ‘ವಚನಶಾಸ್ತ್ರಸಾರ’ದ ಹಸ್ತಪ್ರತಿ ಅಚ್ಚಾಗದೆ ಹಾಗೆಯೇ ಹಿಂದಿರುಗಿತು. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಮೊದಲನೆಯ ಭಾಗ ಹೊರಬಂದಿತು. ಇತರರ ಛಾಪಖಾನೆಗಳ ಬಾಗಿಲು ಕಾಯುವುದು ಸಾಕೆನಿಸಿ ಹಳಕಟ್ಟಿಯವರು ಇದ್ದ ಮನೆಯನ್ನು ಮಾರಿ 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನೂ, ಅದರ ಮರುವರ್ಷ ‘ನವಕರ್ನಾಟಕ’ವೆಂಬ ವಾರಪತ್ರಿಕೆಯನ್ನೂ ಹೊರಡಿಸಿದರು. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷಪೀಠದಲ್ಲಿ ಕೂಡ್ರಿಸಿತು, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1964ರ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನ ಉಳಿದಿರುವಾಗ, ಅವರು ತೀರಿಕೊಂಡರು. ಅವರ ಹುಟ್ಟುಹಬ್ಬವನ್ನು ಈಗ ವಚನ ಸಾಹಿತ್ಯ ಸಂರಕ್ಷಣೆಯ ದಿನವೆಂದು ಆಚರಿಸುತ್ತಾರೆ. ಸಂರಕ್ಷಣೆಗಾಗಿ ಮನೆಯನ್ನೇ ಮಾರಿದವರ ಹೆಸರಿನಲ್ಲಿ ಹಾರ ಭಾಷಣಗಳು ನಡೆಯುತ್ತವೆ. ನಡೆಯಲಿ, ಏನೂ ಇಲ್ಲದಿರುವುದಕ್ಕಿಂತ ಲೇಸು.

ಬಾಸೆಲ್ ಮಿಷನ್ನಿನ ಹೆಸರೆತ್ತಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಅದೇ ಮಿಷನ್ನಿನ ಮೋಗ್ಲಿಂಗ್ ಪಾದ್ರಿ 1850ರಷ್ಟು ಹಿಂದೆಯೇ ದಾಸರ ಪದಗಳನ್ನು ಕೂಡಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದ. ಅದೇ ಮಿಷನ್ನಿನ ಬೋಧಕರಾಗಿದ್ದ ಉತ್ತಂಗಿ ಚನ್ನಪ್ಪನವರು, ಹಳಕಟ್ಟಿಯವರಿಗಿಂತ ಒಂದು ವರ್ಷ ಕಿರಿಯರು, ಸರ್ವಜ್ಞನ ತ್ರಿಪದಿಗಳನ್ನು ಹುಡುಕುತ್ತ ನಮ್ಮ ಈ ನೆಲವನ್ನೆಲ್ಲ ತಿರುಗಿದರು. ಸರ್ವಜ್ಞನ ಕಥೆಯಲ್ಲಿ ಬರುವ ಮಾಸೂರು, ಅಬಲೂರುಗಳು ಇಂದಿನ ಹಾವೇರಿ ಜಿಲ್ಲೆಯವೇ ತಾನೆ! ಸರ್ವಜ್ಞ ಓಲೆಯ ಮೇಲೆ ಮಾತ್ರ ಉಳಿದವನಲ್ಲ. ರೈತರ, ಭಿಕ್ಷುಕರ, ಸಂತೆಗೆ ಬಂದವರ ನಾಲಗೆಯ ಮೇಲೆ ಉಳಿದವನು. ಹೀಗಾಗಿ ಚನ್ನಪ್ಪನವರು ಕಟ್ಟುಗಳ ಜೊತೆಗೆ ಬಾಯಿಗಳನ್ನೂ ಹುಡುಕಬೇಕಾಯಿತು. 1924ರಲ್ಲಿ ಅವರ ಸಂಕಲನ ಹೊರಬಂದಿತು. ತ್ರಿಪದಿಗಳ ಸಂಖ್ಯೆ ಎರಡು ಸಾವಿರದ ಆಸುಪಾಸು. ಯೇಸುವಿನ ಭಕ್ತನಾಗಿಯೇ ಇದ್ದು, ಪರರ ಮನೆಯ ಜಗಲಿಯ ಪುಸ್ತಕವನ್ನು ಅವರಿಗಿಂತ ಹೆಚ್ಚಿನ ಅಕ್ಕರೆಯಿಂದ ಒರೆಸಿ ಓದಿದ ಈ ಮಹನೀಯರು ತಮ್ಮನ್ನು ‘ತಿರುಳ್ಗನ್ನಡದ ತಿರುಕ’ನೆಂದು ಕರೆದುಕೊಂಡರು. ತಿರುಕನೆಂಬ ಮಾತು ಇಲ್ಲಿ ಅಲಂಕಾರವಲ್ಲ. ಹಸ್ತಪ್ರತಿ ಸಂಗ್ರಾಹಕನ ಉದ್ಯೋಗವೇ ಭಿಕ್ಷೆ.

ಭಕ್ತಿಯ ಪುಸ್ತಕವನ್ನು ಹುಡುಕುವ ಈ ಹುಚ್ಚು ನಮ್ಮದೊಂದೇ ನಾಡಿನದಲ್ಲ. ಯಹೂದಿಗಳಲ್ಲಿ ಹಸೀದರೆಂಬ ಪಂಥವೊಂದಿದೆ. ಹದಿನೆಂಟನೆಯ ಶತಮಾನದಲ್ಲಿ ಇಂದಿನ ಯುಕ್ರೇನಿನ ಸೀಮೆಯಲ್ಲಿ ಬಾಲ್ ಷೇಮ್ ತೋವ್ ಎಂಬ ಸಂತನಿಂದ ಅದು ಮೊದಲಾಯಿತು. ಒಣ ಪಾಂಡಿತ್ಯಕ್ಕಿಂತ ಭಾವವೇ ದೊಡ್ಡದು, ಹಾಡಿ ಕುಣಿದು ದೇವರನ್ನು ಕಾಣಬಹುದು ಎಂಬ ಅವರ ನಿಲುವನ್ನು ಕೇಳಿದರೆ ನಮ್ಮ ಓದುಗರಿಗೆ ಪರಿಚಿತರ ಮಾತನ್ನೇ ಕೇಳಿದಂತಾದೀತು. ಅವರ ನಿತ್ಯಪ್ರಾರ್ಥನೆಯ ಪುಸ್ತಕಕ್ಕೆ ‘ಸಿದ್ದೂರ್’ ಎಂದು ಹೆಸರು. 1791ರಲ್ಲಿ ಸ್ಲಾವುತಾ ಎಂಬ ಊರಿನಲ್ಲಿ ಶಪೀರಾ ಮನೆತನದವರು ಒಂದು ಮುದ್ರಣಾಲಯ ತೆರೆದರು. ಅಲ್ಲಿ ಅಚ್ಚಿನ ಮೊಳೆಗಳನ್ನು ಕೂಡ ಮಡಿನೀರಿನಲ್ಲಿ ಮುಳುಗಿಸಿಯೇ ಬಳಸುತ್ತಿದ್ದರೆಂಬ ನಂಬಿಕೆ ಭಕ್ತರಲ್ಲಿ ಹಬ್ಬಿದೆ. 1835ರ ಸುಮಾರಿಗೆ ಅಲ್ಲಿಯ ಪುಸ್ತಕ ಕಟ್ಟುವವನೊಬ್ಬ ನೇಣಿನಲ್ಲಿ ಸತ್ತದ್ದು ಕಂಡುಬಂದು, ಒಡೆಯರಾದ ಇಬ್ಬರು ಸಹೋದರರ ಮೇಲೆ ಆರೋಪ ಬಂದು, ಅವರು ಛಡಿಯೇಟಿನ ಘೋರ ಶಿಕ್ಷೆಯನ್ನೂ ಸೆರೆಮನೆಯನ್ನೂ ಅನುಭವಿಸಿದರು. 1836ರಲ್ಲಿ ರಷ್ಯದ ಝಾರ್ ದೊರೆ ಎರಡನ್ನುಳಿದು ತನ್ನ ರಾಜ್ಯದ ಹೀಬ್ರೂ ಮುದ್ರಣಾಲಯಗಳನ್ನೆಲ್ಲ ಮುಚ್ಚಿಸಿದ. ಆ ಮನೆತನದ ಮೊಮ್ಮಕ್ಕಳು 1847ರಲ್ಲಿ ಝಿತೋಮಿರ್ ಎಂಬಲ್ಲಿ ಮತ್ತೆ ಅಚ್ಚುಮನೆ ಹೂಡಿದರು. ಅಂಥ ಪುಸ್ತಕದ ಒಂದು ಪ್ರತಿಗಾಗಿ ಸಂಗ್ರಾಹಕರು ಹಂಬಲಿಸುವುದು ಕಾಗದ ಮಸಿಗಳ ಸಲುವಾಗಿ ಅಲ್ಲ. ಮೇಣದ ಬತ್ತಿ ತೊಟ್ಟಿಕ್ಕಿದ ಕಲೆ, ಅಂಚಿನಲ್ಲಿ ಒಡೆಯನ ಹೆಸರು, ಬೆರಳು ಸವೆಸಿದ ಪುಟದ ಮೂಲೆ, ಇವು ಅವರಿಗೆ ಪಾಠದಷ್ಟೇ ಮುಖ್ಯ. ನಮ್ಮ ಕಟ್ಟುಗಳ ಮೇಲಿನ ಎಣ್ಣೆ ವಿಭೂತಿಗಳ ಕಲೆಗಳನ್ನು ನಮ್ಮ ಗ್ರಂಥಸೂಚಿಗಳು ‘ಪ್ರತಿ ಮಲಿನವಾಗಿದೆ’ ಎಂದು ದಾಖಲಿಸಿ ಮುಂದೆ ಹೋಗುತ್ತವೆ.

ಹಳತಾದ ಪ್ರಾರ್ಥನಾಪುಸ್ತಕವನ್ನು ಯಹೂದಿಗಳು ಎಸೆಯುವುದಿಲ್ಲ, ಸುಡುವುದಿಲ್ಲ. ದೇವರ ಹೆಸರು ಬರೆದ ಕಾಗದವೆಂದು ಮಂದಿರದ ಒಂದು ಕೋಣೆಯಲ್ಲಿ ಇಡುತ್ತಾರೆ. ತರುವಾಯ ಮಣ್ಣು ಮಾಡುತ್ತಾರೆ. ಆ ಕೋಣೆಗೆ ‘ಗೆನೀಜಾ’ ಎನ್ನುತ್ತಾರೆ. ಹಳೆಯ ಕೈರೋದ ಬೆನ್ ಎಜ್ರಾ ಮಂದಿರದ ಕೋಣೆಯಲ್ಲಿ ಶತಮಾನಗಳಿಂದ ಬಿದ್ದಿದ್ದ ರಾಶಿಯನ್ನು ಸೋಲೊಮನ್ ಶೆಕ್ಟರ್ ಎಂಬ ವಿದ್ವಾಂಸ 1896-97ರ ಚಳಿಗಾಲದಲ್ಲಿ ಪರಿಶೀಲಿಸಿ, ಅಲ್ಲಿಯ ಹಿರಿಯರ ಒಪ್ಪಿಗೆ ಪಡೆದು ಕೇಂಬ್ರಿಜ್ಜಿಗೆ ಸಾಗಿಸಿದ. ಅಲ್ಲಿ ಈಗ ಇರುವ ತುಣುಕುಗಳು ಸುಮಾರು 1,93,000. ಪ್ರಾರ್ಥನೆಗಳ ಜೊತೆಗೆ ವ್ಯಾಪಾರಿಗಳ ಕಾಗದಗಳೂ ಅದರಲ್ಲಿ ಸೇರಿಕೊಂಡಿದ್ದವು. ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ 1132ರಿಂದ 1149ರವರೆಗೆ ನಮ್ಮ ಮಂಗಳೂರಿನಲ್ಲಿಯೇ ನೆಲೆಸಿ, ಕಂಚಿನ ಕೆಲಸದ ಶಾಲೆ ನಡೆಸಿ, ‘ಬೊಮ್ಮ’ನೆಂಬ ನಂಬುಗೆಯ ಆಳಿನ ಕೈಯಲ್ಲಿ ಏಡನ್ ಬಂದರಿಗೆ ಸರಕು ಕಳಿಸುತ್ತಿದ್ದ ಸಂಗತಿ ಆ ಕಾಗದಗಳಿಂದ ತಿಳಿದುಬಂದಿದೆ. ಗೊಯ್ಟೈನ್ ಎಂಬ ಪಂಡಿತ ಅವುಗಳನ್ನು ಓದಿ ಜೋಡಿಸಿದ; ಅಮಿತಾವ್ ಘೋಷ್ ಅವರು 1992ರಲ್ಲಿ ಅದನ್ನೇ ಎಳೆಯಾಗಿಟ್ಟುಕೊಂಡು ಒಂದು ಪುಸ್ತಕವನ್ನು ಹೆಣೆದರು.

ಈ ಸಂಗತಿಯನ್ನು ಓದಿದಾಗ ನನಗೆ ಆದ ಸಂತೋಷದ ಹಿಂದೆಯೇ ಒಂದು ಸಂಕಟವೂ ಹುಟ್ಟಿತು. ಬೊಮ್ಮನ ಒಡೆಯ ಮಂಗಳೂರಿನಲ್ಲಿದ್ದದ್ದೂ, ಕಲ್ಯಾಣದಲ್ಲಿ ಶರಣರು ಕೂಡಿದ್ದೂ ಒಂದೇ ಶತಮಾನದಲ್ಲಿ. ಸರಕಿನ ಲೆಕ್ಕ ಬರೆದ ಕಾಗದ ಬರೆದವನ ಅಕ್ಷರದಲ್ಲಿಯೇ ಉಳಿದಿದೆ. ಬಸವಣ್ಣನವರ, ಅಲ್ಲಮನ, ಅಕ್ಕನ ಕಾಲದ ಒಂದೇ ಒಂದು ಗರಿ ನಮಗೆ ದೊರೆತಿಲ್ಲ. ಈಜಿಪ್ಟಿನ ಒಣಹವೆ ಕಾಗದವನ್ನು ಕಾಯ್ದಿತು. ನಮ್ಮ ಮಳೆ, ಗೆದ್ದಲು, ಹುಳಗಳ ನಡುವೆ ತಾಳೆಗರಿ ಎರಡು ಮೂರು ನೂರು ವರ್ಷ ಬಾಳಿದರೆ ದೊಡ್ಡದು. ಆದುದರಿಂದ ಪ್ರತಿಯ ಪ್ರತಿ, ಅದರ ಪ್ರತಿ ಎಂದು ಯಾರೋ ಮತ್ತೆ ಮತ್ತೆ ಬರೆಯುತ್ತ ಬಂದಿರಲೇಬೇಕು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಅಂದರೆ ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ, ವಿರಕ್ತರು ವಚನಗಳನ್ನು ಹುಡುಕಿ ಕೂಡಿಸುವ ಕೆಲಸಕ್ಕೆ ಕೈಯಿಟ್ಟರು. ಆ ಮೇಲೆಯೂ ಹೆಸರಿಲ್ಲದ ಲಿಪಿಕಾರರು ಊರೂರಿನಲ್ಲಿ ಕೂತು ಕೊರೆದರು. ನಾವು ಇಂದು ವಚನವೆಂದು ಓದುತ್ತಿರುವುದು ಆ ಸರಪಳಿಯ ಕೊನೆಯ ಕೊಂಡಿಯನ್ನು. ಅದು ಒಂದು ತಲೆಮಾರಿನಲ್ಲಿ ಕಳಚಿದರೂ ಮುಗಿಯಿತು. ಗರಿ ಹಳತಾಯಿತೆಂದರೆ ಪ್ರತಿ ಮಾಡಿಕೊಂಡು ಹಳೆಯದನ್ನು ಹೊಳೆಗೆ ಬಿಡುವುದು ನಮ್ಮ ರೂಢಿ. ಪ್ರತಿ ಮಾಡುವುದು ನಿಂತುಹೋದ ಮೇಲೆಯೂ ಹೊಳೆಗೆ ಬಿಡುವ ರೂಢಿ ಮಾತ್ರ ಉಳಿಯಿತು.

ಹಾಗಾದರೆ ಇಂಥ ಪುಸ್ತಕ ಯಾರದು? ಮನೆಯದೋ, ಮಠದ್ದೋ, ನಾಡಿನದೋ? ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಹಸೀದರ ಒಂದು ಪ್ರಮುಖ ಶಾಖೆಯಾದ ಹಬಾದದವರ ಗ್ರಂಥಾಲಯವಿದೆ. ಬಾಲ್ ಷೇಮ್ ತೋವನದೆಂದು ಅವರು ನಂಬುವ ಪ್ರಾರ್ಥನಾಪುಸ್ತಕವೂ ಅದರಲ್ಲಿದೆ. 1985ರಲ್ಲಿ ಆ ಗ್ರಂಥಾಲಯದ ಪುಸ್ತಕಗಳು ಕಾಣೆಯಾಗಿ, ಹಿಂದಿನ ಗುರುವಿನ ವಂಶದವರೊಬ್ಬರು ಅವು ತಮ್ಮ ಕುಟುಂಬದ ಆಸ್ತಿಯೆಂದು ಒಯ್ದು ಕೆಲವನ್ನು ಮಾರಿದ್ದರೆಂದು ತಿಳಿದುಬಂದು, ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಗುರು ಕೂಡಿಸಿದ ಪುಸ್ತಕಗಳು ಗುರುವಿನ ಮನೆಯವಲ್ಲ, ಸಮುದಾಯದವು ಎಂದು 1987ರ ಜನವರಿಯಲ್ಲಿ ತೀರ್ಪಾಯಿತು. ಆ ದಿನವನ್ನು ಅವರು ಇಂದಿಗೂ ಹಬ್ಬವಾಗಿ ಆಚರಿಸುತ್ತಾರೆ. ಪುಸ್ತಕಗಳು ಮರಳಿ ಬಂದ ದಿನ ಹಬ್ಬವಾಗಬಲ್ಲದೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ನಮ್ಮಲ್ಲಿ ತೀರ್ಪು ಕೊಡುವವರಿಲ್ಲ, ಕೇಳುವವರೂ ಇಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯ 1891ರದು, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರದು, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರದು. ಇವುಗಳಲ್ಲಿ ಸೇರಿದ ಕಟ್ಟುಗಳು ಬದುಕಿದವು. 1993ರಲ್ಲಿ ಕರ್ನಾಟಕ ಸರ್ಕಾರ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದಿತು, ಎಂ. ಎಂ. ಕಲಬುರ್ಗಿಯವರು ಅದರ ಪ್ರಧಾನ ಸಂಪಾದಕರು. ವಚನಗಳೆಲ್ಲ ಅಚ್ಚಾಗಿವೆಯಲ್ಲ, ಇನ್ನು ಜಗಲಿಯ ಮೇಲಿನ ಹಳೆಯ ಗರಿಗಳು ಏಕೆ ಎಂದು ಕೇಳುವ ವಿದ್ಯಾರ್ಥಿಗಳಿದ್ದಾರೆ. ಅವರಿಗೆ ನನ್ನ ಉತ್ತರವಿಷ್ಟೆ: ಅಚ್ಚಿನ ಪುಸ್ತಕದಲ್ಲಿ ಇರುವುದು ಸಂಪಾದಕನ ಕ್ರಮ. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ವಿಷಯಗಳ ಪ್ರಕಾರ ಜೋಡಿಸಿದರು, ಉತ್ತಂಗಿಯವರೂ ಸರ್ವಜ್ಞನನ್ನು ಪದ್ಧತಿಗಳಾಗಿ ವಿಂಗಡಿಸಿದರು. ಆ ಕಾಲಕ್ಕೆ ಅದು ಬೇಕಾಗಿತ್ತು. ಅಪರಿಚಿತ ಸಾಹಿತ್ಯಕ್ಕೆ ಓದುಗರನ್ನು ಕರೆತರಬೇಕಾದರೆ ದಾರಿ ಹಾಕಿಕೊಡಬೇಕಲ್ಲವೆ? ಆದರೆ ವರದಾ ನದಿಯ ದಂಡೆಯ ಒಂದು ಮನೆಯವರು ಯಾವ ನೂರು ವಚನಗಳನ್ನು ಆಯ್ದುಕೊಂಡಿದ್ದರು, ಯಾವುದರ ಹಿಂದೆ ಯಾವುದನ್ನು ಓದುತ್ತಿದ್ದರು, ಅಂಬಿಗರ ಚೌಡಯ್ಯನ ಬೈಗಳನ್ನು ಬಸವಣ್ಣನವರ ವಿನಯದ ಪಕ್ಕದಲ್ಲಿ ಇಟ್ಟಿದ್ದರೋ ಇಲ್ಲವೋ, ಇದನ್ನು ಹೇಳುವುದು ಆ ಮನೆಯ ಕಟ್ಟು ಮಾತ್ರ. ಚೌಡಯ್ಯನ ಚೌಡದಾನಪುರ ಹೊಸರಿತ್ತಿಗೆ ದೂರದ ಊರೇನಲ್ಲ; ರಾಣೆಬೆನ್ನೂರು ಸೀಮೆಯ ತುಂಗಭದ್ರೆಯ ದಂಡೆಯದು. ಆ ಮುದುಕಿಯ ಕಟ್ಟಿನಲ್ಲಿ ಅವನಿದ್ದನೆ? ಇದ್ದರೆ ಎಷ್ಟಿದ್ದ? ಯಾವ ಹದಿನೈದು ಸಂಪುಟಗಳೂ ಇದಕ್ಕೆ ಉತ್ತರ ಕೊಡಲಾರವು.

ಧಾರವಾಡಕ್ಕೆ ಹಿಂದಿರುಗಿ ನಾನು ಹಟದಿಂದ ಓದಲು ಕಲಿತೆ. ಹಸ್ತಪ್ರತಿಗಳ ಕಪಾಟಿನ ಪಕ್ಕದಲ್ಲಿ ಕೂತು, ಹಿರಿಯರೊಬ್ಬರು ಬೆರಳಿಟ್ಟು ತೋರಿಸಿದ ಅಕ್ಷರಗಳನ್ನು ತಿದ್ದಿದೆ. ಆರು ತಿಂಗಳಲ್ಲಿ ತಡವರಿಸುತ್ತ, ವರ್ಷ ತುಂಬುವ ಹೊತ್ತಿಗೆ ಸರಾಗವಾಗಿ ಓದಬಲ್ಲವನಾದೆ. ಕಲಿತೊಡನೆ ಹೋಗಬೇಕಾಗಿತ್ತು. ಪರೀಕ್ಷೆ ಬಂದಿತು, ಪರೀಕ್ಷೆಯ ಹಿಂದೆ ನೌಕರಿ, ನೌಕರಿಯ ಹಿಂದೆ ಮದುವೆ. ಮುದುಕಿಯ ಮಾತು ನೆನಪಾದಾಗಲೆಲ್ಲ ಬರುವ ಬೇಸಿಗೆಗೆ ಹೋದರಾಯಿತೆಂದುಕೊಂಡೆ. ಹಾಗೆ ಅಂದುಕೊಳ್ಳುತ್ತ ನಾಲ್ಕು ವರ್ಷಗಳು ಹೋದವು.

ಹೋದಾಗ ಬಾಗಿಲು ತೆರೆದವಳು ಸೊಸೆ. ಅತ್ತೆ ತೀರಿಕೊಂಡು ಎಂಟು ತಿಂಗಳಾಗಿತ್ತು. ಮನೆಯ ಮಾಳಿಗೆಯನ್ನು ಕೆಡವಿ ಹೊಸದಾಗಿ ಕಟ್ಟಿಸುವಾಗ, ಓದುವವರಿಲ್ಲದ ದೇವರ ಪುಸ್ತಕ ಮನೆಯಲ್ಲಿರಬಾರದೆಂದು ಯಾರೋ ಹೇಳಿದರಂತೆ. ಹೂವು ಪತ್ರಿ ಏರಿಸಿ, ಕೆಂಪು ವಸ್ತ್ರದ ಸಮೇತ ವರದಾ ನದಿಗೆ ಬಿಟ್ಟುಬಂದಿದ್ದರು. ಆಕೆ ಇದನ್ನು ಹೇಳಿದ್ದು ಅಪರಾಧದ ದನಿಯಲ್ಲಲ್ಲ. ಮಾಡಬೇಕಾದದ್ದನ್ನು ವಿಧಿಪೂರ್ವಕ ಮಾಡಿದ ಸಮಾಧಾನದಿಂದ. “ನೀವು ಬರ್ತೀರಿ ಅಂತ ಅತ್ತಿ ಅಂತಿದ್ರು” ಎಂದೂ ಹೇಳಿದಳು. ವರದೆ ಅಲ್ಲಿಂದ ಮುಂದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ಆ ವರ್ಷ ಮಳೆ ಚೆನ್ನಾಗಿತ್ತು. ಹೊಳೆ ತುಂಬಿ ಹರಿದಿತ್ತು.

ನಾನು ಹೊರಡುವಾಗ ಸೊಸೆ ಒಳಗೆ ಹೋಗಿ, ಹಳೆಯ ಜಗಲಿಯ ಸಂದಿಯಲ್ಲಿ ಸಿಕ್ಕಿತ್ತೆಂದು ಒಂದೇ ಒಂದು ಗರಿಯನ್ನು ತಂದು ಕೈಗಿತ್ತಳು. ದಾರದಿಂದ ಕಳಚಿ ಬಿದ್ದದ್ದಿರಬೇಕು. ಕಟ್ಟೆಯ ಮೇಲೆ ಕೂತು, ಎಲೆಯ ರಸದಲ್ಲಿ ಇದ್ದಿಲ ಪುಡಿ ಕಲಸಿ ತೀಡಿ, ಬೆಳಕಿಗೆ ಹಿಡಿದೆ. ಈ ಸಲ ಅಕ್ಷರಗಳು ಮೂಡಿದವು. ನಿಲ್ಲದೆ ಓದಿದೆ, ಆಕೆಗೆ ಕೇಳಿಸುವಂತೆ ಗಟ್ಟಿಯಾಗಿಯೇ ಓದಿದೆ. ಅದರಲ್ಲಿ ವಚನವಿರಲಿಲ್ಲ. ಅದು ಕಟ್ಟಿನ ಕೊನೆಯ ಗರಿ. ಇಂಥ ಸಂವತ್ಸರದ ಇಂಥ ಮಾಸದಲ್ಲಿ ಬರೆದು ಮುಗಿಯಿತೆಂದೂ, ಕಣ್ಣು ಮಂಜಾಗಿ ಬೆನ್ನು ಬಾಗಿ ಬರೆದದ್ದೆಂದೂ, ಅಕ್ಷರ ಹೆಚ್ಚು ಕಡಿಮೆಯಾಗಿದ್ದರೆ ಬಲ್ಲವರು ತಿದ್ದಿ ಓದಬೇಕೆಂದೂ ಲಿಪಿಕಾರನ ವಿನಂತಿ ಇತ್ತು. ಹೆಸರಿದ್ದ ಜಾಗ ಹುಳ ತಿಂದಿತ್ತು.

ಕಟ್ಟುಗಳನ್ನು ಗ್ರಂಥಾಲಯಗಳಿಗೆ ಕೊಡಿರೆಂದು ಮುಂದೆ ನಾನು ಎಷ್ಟೋ ಮನೆಗಳಲ್ಲಿ ಕೂತು ಕೇಳಿಕೊಂಡಿದ್ದೇನೆ, ಕೆಲವರು ಕೊಟ್ಟಿದ್ದಾರೆ. ಆ ಒಂದು ಗರಿಯನ್ನು ಮಾತ್ರ ನಾನು ಯಾವ ಗ್ರಂಥಾಲಯಕ್ಕೂ ಕೊಟ್ಟಿಲ್ಲ. ಅದು ನನ್ನ ಮೇಜಿನ ಖಾನೆಯಲ್ಲಿ, ಕೆಂಪು ವಸ್ತ್ರದ ಒಂದು ತುಂಡಿನಲ್ಲಿ ಇದೆ.